ಹದಿನಾಲ್ಕು ಜನ ಇದ್ವಿ, ಮಗೂನ ನೋಡೋರು ಯಾರೂ ಇರ್ಲಿಲ್ಲ

ಹೋದ ವಾರ ಮಾವಿನಕಾಯಿ ತೊಕ್ಕು ಬರೀತೀನಿ ಅಂದಿದ್ದೆ. ಅದು ಇರ್ಲಿ, ಮಾವಿನಕಾಯಿ ಇನ್ನೂ ಹದಿನೈದು ದಿನ ಸಿಗ್ತವೆ. ಇವತ್ತು ಜಗಳ ಬರೀತೀನಿ. ಇದನ್ನ ಓದಿದ ಮೇಲೆ ನಮ್ಮ ಮನೇಲೇ ನಾಲ್ಕು ಜನ ನನ್ನ ತಾವ ಮಾತು ಬಿಡ್ತಾರೆ ಅಂತ ಗೊತ್ತು. ಬಿಡ್ಲಿ.

ಏಪ್ರಿಲ್‌ನಾಗೆ ಒಂದು ಬೆಳೆ ಹುಳ ಇಳಿದಿತ್ತು, ಗೂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗಿ ದುಡ್ಡೂ ಕೈಗೆ ಬಂದಿತ್ತು. ಮುಂದಿನ ಚಾಕಿ ಬರಾದು ಸೋಮವಾರ. ಮಧ್ಯ ಶನಿವಾರ, ಭಾನುವಾರ ಖಾಲಿ. ನಮ್ಮಂಥ ಹುಳದ ಮನೇಲಿ ಎರಡು ದಿನ ಎಲ್ಲರೂ ಒಟ್ಟಿಗೆ ಖಾಲಿ ಇರಾದು ವರ್ಷಕ್ಕೆ ಎಷ್ಟು ಸಲ ಹೇಳಿ? ಸಮುದ್ರ ನೋಡಿ ಬರಾನ ಅಂತ ಹುಡುಗ್ರು ಎದ್ದರು. ಒಂದು ಟಿಟಿ ಮಾಡ್ಕೊಂಡ್ವಿ. ಅತ್ತೆ, ನಾವಿಬ್ರು, ಮೈದುನ, ಓರಗಿತ್ತಿ, ಅವರ ಮಗ ಸೊಸೆ, ಅವರ ಒಂದು ವರ್ಷ ಎಂಟು ತಿಂಗಳ ಪುಟ್ಟ, ನಾದಿನಿ ಸಂಸಾರ, ನನ್ನ ಮಗ. ಪುಟ್ಟನ್ನ ಬಿಟ್ಟು ಹದಿನಾಲ್ಕು ಜನ. ಶುಕ್ರವಾರ ರಾತ್ರಿ ದಿಬ್ಬೂರಹಳ್ಳಿ ಬಿಟ್ಟು, ಬೆಂಗಳೂರು, ಹಾಸನ, ಶಿರಾಡಿ ಘಾಟಿ ಇಳಿದು, ಉಡುಪಿ ಸೇರೋ ಹೊತ್ತಿಗೆ ಬೆಳಕು ಹರಿದಿತ್ತು. ದಾರೀಲಿ ಹುಳಿಯನ್ನ, ನಿಪ್ಪಟ್ಟು, ಪುಟ್ಟನಿಗೆ ಫ್ಲಾಸ್ಕ್‌ನಲ್ಲಿ ರಾಗಿ ಸರಿ. ಇದನ್ನೆಲ್ಲ ಗುರುವಾರ ರಾತ್ರಿ ಕೂತು ಮಾಡಿದ್ದು ಯಾರು ಅಂತ ಕೇಳ್ಬ್ಯಾಡಿ, ಅದು ಇನ್ನೊಂದು ಜಗಳ, ಇನ್ನೊಂದು ದಿನ.

ಮಲ್ಪೆಯಿಂದ ದೋಣೀಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಬೇಕು. ಮಳೆಗಾಲದಲ್ಲಿ ದೋಣಿ ಬಿಡಲ್ಲ, ಬೇಸಿಗೆಗೇ ಹೋಗಬೇಕು. ದ್ವೀಪದ ಮೇಲೆ ರಾತ್ರಿ ಉಳಿಯೋ ಹಂಗಿಲ್ಲ, ನೋಡಿ ವಾಪಸ್ ಬರಾದು. ನೋಡೋಕೆ ಚೆನ್ನಾಗೈತೆ, ಸುಳ್ಳು ಹೇಳಲ್ಲ. ತೆಂಗಿನ ಮರ, ಮರಳಿನ ಬದಲು ಕಪ್ಪೆಚಿಪ್ಪೇ ಹಾಸಿದಂಗಿರೋ ದಡ, ಮತ್ತೆ ಆ ಬಂಡೆಗಳು. ನಮ್ಮ ಕಡೆ ಕಲ್ಲುಕೂಚ ಸಾಲಾಗಿ ಒತ್ತೊತ್ತಾಗಿ ನಿಲ್ಲಿಸಿದಂಗೆ, ಆರು ಮೂಲೆ, ಐದು ಮೂಲೆ ಕಂಬಗಳು. ಯಾರೂ ಕೆತ್ತಿದ್ದಲ್ಲ. ಬೆಂಕಿರಸ ಮೆಲ್ಲಗೆ ಆರುವಾಗ ಕುಗ್ಗಿ, ಕೆರೆ ಮಣ್ಣು ಒಣಗಿ ಬಿರುಕು ಬಿಡ್ತದಲ್ಲ, ಅಂಗೆ ಬಿರುಕು ಬಿಟ್ಟು ಕಂಬ ಆಗಿರಾದು. ಸುಮಾರು 8 ಕೋಟಿ 80 ಲಕ್ಷ ವರ್ಷದ ಹಿಂದಿನದು, ಮಡಗಾಸ್ಕರ್ ನಮ್ಮ ನೆಲದಿಂದ ಕಿತ್ತುಕೊಂಡು ಹೋದ ಕಾಲದ್ದು ಅಂತ ನನ್ನ ಮಗ ಹೇಳ್ದ. 1498ರಲ್ಲಿ ವಾಸ್ಕೋ ಡ ಗಾಮ ಬಂದು ಈ ಹೆಸರಿಟ್ಟ ಅನ್ನೋ ಕಥೇನೂ ಐತೆ. ಅತ್ತೆ ತೆಂಗಿನ ಮರದ ಬುಡಕ್ಕೆ ಕೂತು, "ಅಷ್ಟು ದೂರದಿಂದ ಬಂದು ಹೆಸರಿಡಾದು ಬಿಟ್ಟು ಇನ್ನೇನು ಕೆಲಸ ಇರ್ಲಿಲ್ವಾ ಅವನಿಗೆ" ಅಂದ್ರು.

ಇಷ್ಟು ಸಾಕು ದ್ವೀಪದ ಮಾತು. ಈಗ ನಡೆದಿದ್ದು ಕೇಳಿ.

ಪುಟ್ಟನ ತಾಯಿಗೆ ಬೆಳಗ್ಗಿಂದ ಬಚ್ಚಲಿಗೆ ಹೋಗಾಕೆ ಆಗಿರ್ಲಿಲ್ಲ. ಬಸ್ಸಿನಾಗೆ ರಾತ್ರಿ ಪೂರ್ತಿ ಮಗು ಅವಳ ತೊಡೆ ಮೇಲೇ. ದೋಣೀಲೂ ಅವಳ ಸೊಂಟದ ಮೇಲೇ. ದೋಣೀಲಿ ಕೊಟ್ಟ ಜಾಕೆಟ್ಟು ದೊಡ್ಡೋರ್ದು, ಮಗುವಿಗೆ ಹಾಕಿದ್ರೆ ತಲೆಯಿಂದಲೇ ಜಾರ್ತಿತ್ತು. ಚಿಕ್ಕದು ಐತಾ ಅಂತ ನಾವ್ಯಾರೂ ಕೇಳಲೂ ಇಲ್ಲ. ದ್ವೀಪ ಇಳಿದು ಒಂದು ಗಳಿಗೆ ಆದ ಮೇಲೆ ಅವಳು ಎದ್ದು, ಎಲ್ರಿಗೂ ಕೇಳೋ ಹಂಗೆ, "ನಾನು ಟಾಯ್ಲೆಟ್‌ಗೆ ಹೋಗಿ ಬತ್ತೀನಿ, ಪುಟ್ಟನ್ನ ನೋಡ್ಕೊಳ್ಳಿ" ಅಂದ್ಲು. ಎಲ್ರೂ "ಹೂಂ" ಅಂದ್ವಿ. ನಾನೂ ಅಂದೆ. ನನ್ನ ಕಿವಿಗೆ ನನ್ನ "ಹೂಂ" ಇನ್ನೂ ಕೇಳಿಸ್ತೈತೆ.

ಓರಗಿತ್ತಿ ಅತ್ತೆಗೆ ಮಜ್ಜಿಗೆ ಬಗ್ಗಿಸ್ತಿದ್ಲು. ಗಂಡಸರು ಬಂಡೆ ಮೇಲೆ ನಿಂತು ಫೋಟೋ. ಮಗುವಿನ ಅಪ್ಪ ಅದೇ ಫೋಟೋದಾಗೆ ಮಧ್ಯಕ್ಕೆ. ನಾದಿನಿ ವಿಡಿಯೋ ಕಾಲ್‌ನಲ್ಲಿ ತನ್ನ ಅತ್ತೆಗೆ ಸಮುದ್ರ ತೋರಿಸ್ತಿದ್ಲು. ನಾನು ಚಿಪ್ಪು ಆರಿಸ್ತಿದ್ದೆ. ಐವತ್ತು ವರ್ಷದ ಹೆಂಗಸು, ಸೆರಗು ತುಂಬ ಚಿಪ್ಪು. ಪುಟ್ಟ ನನ್ನ ಹಿಂದೇನೇ ಅವ್ನೆ ಅಂದ್ಕೊಂಡಿದ್ದೆ. ಓರಗಿತ್ತಿ, ಅಕ್ಕನ ತಾವ ಅವ್ನೆ ಅಂದ್ಕೊಂಡಿದ್ಲು.

ಬಂಡೆ ಸಂದೀಲಿ ನೀರು ನಿಲ್ತದೆ. ಅಲೆ ಬಂದಾಗ ಮೊಣಕಾಲುದ್ದ, ಹೋದಾಗ ಪಾದದಷ್ಟು. ಪುಟ್ಟ ಅಲ್ಲಿಗೆ ನಡ್ಕೊಂಡು ಹೋಗಿ ಕೂತವ್ನೆ. ಅಲೆ ಬಂದು ಮಗುಚಿ ಹಾಕಿದೆ. ಒಂದು ಸದ್ದಿಲ್ಲ. ಅಳು ಇಲ್ಲ, ಚೀರಾಟ ಇಲ್ಲ. ಗುರುತು ಪರಿಚಯ ಇಲ್ಲದ ಒಬ್ಬ ಹೆಂಗಸು ಓಡಿ ಬಂದು ಅಂಗಿ ಹಿಡಿದು ಎತ್ತಿದ್ಲು. ಬೋರಲು ಹಾಕ್ಕೊಂಡು ಬೆನ್ನು ಗುದ್ದಿದ್ಲು. ನೀರು ಕಕ್ಕಿ, ಆಮೇಲೆ ಅತ್ತ. ಆಮೇಲೆ ನಾವು ತಿರುಗಿ ನೋಡಿದ್ದು. ಆ ತಾಯಿ ನಮ್ಮನ್ನ ತುಳುವಿನಲ್ಲಿ ಬೈದ್ಲು. ಒಂದಕ್ಷರ ಅರ್ಥ ಆಗ್ಲಿಲ್ಲ, ಆದ್ರೂ ಪೂರ್ತಿ ಅರ್ಥ ಆಯ್ತು.

ಉಡುಪೀಲಿ ಆಸ್ಪತ್ರೆಗೆ ತೋರಿಸಿದ್ವಿ, ಸಂಜೆ ಗಂಟ ಇಟ್ಕೊಂಡು ನೋಡಿ ಕಳಿಸಿದ್ರು. ಪುಟ್ಟ ಚೆನ್ನಾಗವ್ನೆ, ಈಗ ನಾನಿದನ್ನ ಬರೀವಾಗ ಜಗಲಿ ಮೇಲೆ ಚಂದ್ರಿಕೆ ಕೀಳ್ತಾವ್ನೆ. (ನೀರಿನಿಂದ ಎತ್ತಿದ ಮಗು ಕೆಮ್ತಿದ್ರೆ, ಉಸಿರು ಜೋರಾದ್ರೆ, ಮಂಕಾದ್ರೆ, ಅವತ್ತೇ ಡಾಕ್ಟರಿಗೆ ತೋರಿಸಿ. ದೃಷ್ಟಿ ತೆಗೀರಿ ಬೇಕಾದ್ರೆ, ಆಮೇಲೆ ತೆಗೀರಿ.)

ನನ್ನ ಜಗಳ ಇಲ್ಲಿಂದ ಶುರು. ತಾಯಿ ಓಡಿ ಬಂದ್ಲು ನೋಡಿ, ನಮ್ಮ ಹದಿಮೂರು ಜನರ ಬಾಯಿಂದ ಬಂದ ಮೊದಲ್ನೇ ಮಾತು ಏನು ಗೊತ್ತಾ? "ಮಗೂನ ಬಿಟ್ಟು ಎಲ್ಲೋಗಿದ್ದೆ ಕಣೇ?" ಅತ್ತೆ ಅಂದ್ರು, ಮೈದುನ ಅಂದ್ರು, ಫೋಟೋದಾಗೆ ಮಧ್ಯಕ್ಕೆ ನಿಂತಿದ್ದ ಅವಳ ಗಂಡನೂ ಅಂದ. ಆ ಹುಡುಗಿ ಉತ್ತರ ಕೊಡ್ಲಿಲ್ಲ. ಬಚ್ಚಲಿಗೆ ಹೋಗಿದ್ದೆ ಅಂತ ಗಂಡಸರ ಎದುರು ಎಂಗೆ ಹೇಳ್ತಾಳೆ? ವಾಪಸ್ ಬರೋ ದಾರೀಲಿ ನಾನೂರು ಕಿಲೋಮೀಟರ್ ಅದೇ ಮಾತು. ಈಗಿನ ಹುಡುಗೀರು, ಫೋನು, ಜವಾಬ್ದಾರಿ. ಅವಳ ಫೋನು ಮಗುವಿನ ಚೀಲದಾಗೇ ಇತ್ತು, ನಾನು ಕಣ್ಣಾರೆ ಕಂಡಿದ್ದೀನಿ.

ಹದಿನಾಲ್ಕು ಜನರಲ್ಲಿ ಬಿಟ್ಟು ಹೋಗ್ತೀನಿ ಅಂತ ಬಾಯಿಬಿಟ್ಟು ಹೇಳಿ ಹೋದೋಳು ಅವಳೊಬ್ಬಳೇ. ಮಿಕ್ಕಿದ ನಾವು ಹೇಳದೇ ಬಿಟ್ವಿ. ತಪ್ಪು ಯಾರ್ದು?

"ತುಂಬಿದ ಮನೆ, ಮಗು ತಾನಾಗೇ ಬೆಳೀತದೆ" ಅಂತ ನಮ್ಮಲ್ಲಿ ದೊಡ್ಡೋರು ಹೇಳ್ತಾರೆ. ನಾನೂ ಹೇಳಿದ್ದೀನಿ. ಬೇರೆ ಹೋದ ಸಂಸಾರಗಳನ್ನ ಆಡ್ಕೊಂಡಿದ್ದೀನಿ. ಈಗ ಅದನ್ನ ವಾಪಸ್ ತಗೋತೀನಿ. ಮನೇಲಿ ಒಬ್ಬಳೇ ಇದ್ರೆ ತಾಯಿ ಒಲೆ ಆರಿಸಿಯಾದ್ರೂ ನೋಡ್ತಾಳೆ, ಯಾಕಂದ್ರೆ ಬೇರೆ ಯಾರೂ ಇಲ್ಲ ಅಂತ ಗೊತ್ತು. ಹತ್ತು ಜನ ಇದ್ರೆ ಒಬ್ಬೊಬ್ಬರೂ ಇನ್ನೊಬ್ಬರು ನೋಡ್ತಾರೆ ಅಂದ್ಕೋತಾರೆ. ನೀರಿರೋ ಕಡೆ ಅದು ಸಾವಿನ ಲೆಕ್ಕ. ಮುಳುಗೋ ಮಗು ಕೂಗಲ್ಲ. ಕೂಗಬೇಕಂದ್ರೆ ಉಸಿರು ಬೇಕು, ಬಾಯಿ ನೀರಿನ ಮೇಲಿರಬೇಕು. ಈ ವಯಸ್ಸಿನ ಮಗುವಿಗೆ ಮೈಯ ಲೆಕ್ಕಕ್ಕೆ ತಲೆ ಭಾರ ಜಾಸ್ತಿ, ಬೋರಲು ಬಿದ್ರೆ ಕೈ ಊರಿ ಎದ್ದೇಳಾಕೆ ಬರಲ್ಲ. ಮೂಗು ಬಾಯಿ ಮುಚ್ಚೋವಷ್ಟು ನೀರು ಸಾಕು.

ವಿಶ್ವ ಆರೋಗ್ಯ ಸಂಸ್ಥೆಯವರು ಹೇಳೋ ಪ್ರಕಾರ 2021ರಲ್ಲಿ ಇಡೀ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅದರಲ್ಲಿ ಹತ್ತಿರ ಹತ್ತಿರ ಕಾಲು ಭಾಗ 5 ವರ್ಷದ ಒಳಗಿನ ಮಕ್ಕಳು. ಇನ್ನು ಇದೇ ದ್ವೀಪದಲ್ಲಿ 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ಕಾಲೇಜು ಹುಡುಗರು ನೀರುಪಾಲಾದ್ರು. ಬೆಳೆದ ಹುಡುಗ್ರು. ನಮ್ಮ ಗಂಡಸರು ನಿಂತು ಫೋಟೋ ತೆಗೆಸಿಕೊಂಡಿದ್ದೂ ಅಂಥ ಬಂಡೆಗಳ ಮೇಲೇ.

"ಅದಕ್ಕೇ ಸಮುದ್ರ ಗಿಮುದ್ರ ನಮಗ್ಯಾಕೆ, ಮನೇಲಿರಬೇಕು" ಅಂತ ನಾದಿನಿ ಗಂಡ ಈಗ ರಾಗ ಎಳೀತಾರೆ. ಇದಕ್ಕೂ ನಾನು ಒಪ್ಪಲ್ಲ. ಮೊದಲ್ನೇದು, ಎಪ್ಪತ್ತಾರು ವರ್ಷದ ನಮ್ಮತ್ತೆ ಸಮುದ್ರ ಕಂಡಿದ್ದು ಅವತ್ತೇ ಮೊದಲು. ಅಲೆ ಪಾದ ಮುಟ್ಟಿದಾಗ ಅವರ ಮುಖ ನೋಡಬೇಕಿತ್ತು ನೀವು. ಅದನ್ನ ನಾನು ಬಿಟ್ಟುಕೊಡಲ್ಲ. ಎರಡ್ನೇದು, ಮನೇಲಿ ನೀರಿಲ್ವಾ? ನಮ್ಮ ಬರಗೆಟ್ಟ ಸೀಮೇಲಿ ನೀರು ಎಲ್ಲೈತೆ ಅಂತೀರ. ದಿನಾ ಬರದೇ ಇರೋದಕ್ಕೇ ಮನೆಮನೆಗೂ ಸಂಪು, ಡ್ರಮ್ಮು, ತೊಟ್ಟಿ. ಬೋರು ಸಾವಿರ ಅಡಿ ದಾಟಿದ್ರೂ ಹನಿ ಕಾಣದೆ, ಕೃಷಿ ಭಾಗ್ಯ ಬಂದ ಮೇಲೆ ಹೊಲ ಹೊಲಕ್ಕೂ ಕೃಷಿ ಹೊಂಡ. ನಾನು ಹೊಂಡ ಬ್ಯಾಡ ಅನ್ನಲ್ಲ, ಅದರಿಂದಲೇ ಎರಡು ಬೇಸಿಗೆ ಸೊಪ್ಪು ಉಳಿಸಿಕೊಂಡಿದ್ದೀವಿ. ಆದ್ರೆ ಒಳಗೆ ಹಾಸಿರೋ ಪ್ಲಾಸ್ಟಿಕ್ ಹಾಳೆ ಮೇಲೆ ಪಾಚಿ ಕಟ್ಟಿದ್ರೆ ಕೋತಿಗೂ ಹತ್ತಾಕಾಗಲ್ಲ. ಬಿದ್ದ ಮಗೂನ ಹಿಡಿಯಾಕೆ ಇಳಿದೋರೂ ಮೇಲೆ ಬರಲ್ಲ. ಕೋಲಾರ, ಚಿಕ್ಕಬಳ್ಳಾಪುರ ಪೇಪರ್ ಓದೋರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಹೊಂಡಕ್ಕೂ ಬೇಲಿ ಇಲ್ಲ. ಮನೆಯಿಂದ ಇನ್ನೂರು ಹೆಜ್ಜೆ.

ಹುಳದ ಮನೆಗೆ ಮಾತ್ರ ಊಜಿ ನೊಣ ಬರಬಾರದು ಅಂತ ಕಿಟಕಿ ಬಾಗಿಲಿಗೆಲ್ಲ ಬಲೆ. ಇರುವೆ ಹತ್ತದಂಗೆ ಕಾಲುಗಳಿಗೆ ನೀರಿನ ಬಟ್ಟಲು. ನಾಲ್ಕನೇ ಜ್ವರ ಎದ್ದ ಮೇಲೆ ರಾತ್ರಿ ಸೊಪ್ಪು ಯಾರು ಹಾಕ್ತಾರೆ, ಬೆಳಗಿನ ಜಾವ ಯಾರು ಹಾಕ್ತಾರೆ ಅಂತ ಪಾಳಿ. ನಮ್ಮನೇಲಿ ಒಂದೇ ಒಂದು ಸಲಾನೂ "ನೀನು ಹಾಕಿರ್ತೀಯ ಅಂದ್ಕೊಂಡೆ" ಅಂತ ಹುಳ ಉಪವಾಸ ಬಿದ್ದಿಲ್ಲ. ಇಪ್ಪತ್ತೈದು ದಿನದ ಹುಳಕ್ಕೆ ಪಾಳಿ ಇದೆ, ಇಪ್ಪತ್ತು ತಿಂಗಳ ಮಗುವಿಗೆ ಇಲ್ಲ. ಇದನ್ನ ನಾನು ಟಿಟೀಲೇ ಅಂದೆ. ಮೈದುನ, "ಅತ್ತಿಗೆ, ಮಗೂಗೂ ಹುಳಕ್ಕೂ ಹೋಲಿಸ್ತೀರಲ್ಲ" ಅಂದ್ರು. ಹೌದಪ್ಪ, ಹೋಲಿಸ್ದೆ. ಹುಳವೇ ಗೆದ್ದಿದ್ದು.

ಈಗ ನಮ್ಮನೇಲಿ ಒಂದು ಕೆಂಪು ಟವಲ್ಲು ಇಟ್ಟಿದ್ದೀನಿ. ಅದು ಯಾರ ಹೆಗಲ ಮೇಲೈತೋ ಮಗು ಅವರ್ದು. ಟವಲ್ಲು ಇರೋರು ಫೋನು ಮುಟ್ಟೋ ಹಂಗಿಲ್ಲ, ಇಸ್ಪೀಟು ಹಿಡಿಯೋ ಹಂಗಿಲ್ಲ, ಈರುಳ್ಳಿ ಹೆಚ್ಚೋ ಹಂಗೂ ಇಲ್ಲ. ಹೋಗಬೇಕಂದ್ರೆ ಇನ್ನೊಬ್ಬರ ಹೆಸರು ಹಿಡಿದು ಕರೆದು, ಅವರ ಹೆಗಲಿಗೆ ಹಾಕಿ, ಅವರು "ನನ್ನ ತಾವ ಐತೆ" ಅನ್ನಬೇಕು. "ಹೂಂ" ನಡೆಯಲ್ಲ. ನೀರಿನ ಹತ್ರ ಕೈ ಚಾಚಿದ್ರೆ ಮಗು ಸಿಗೋವಷ್ಟು ದೂರ, ಅದಕ್ಕಿಂತ ಆಚೆ ಇಲ್ಲ. ಪಾಳಿ ಅರ್ಧ ಗಂಟೆ, ಯಾಕಂದ್ರೆ ಅದಕ್ಕಿಂತ ಜಾಸ್ತಿ ಯಾರ ಕಣ್ಣೂ ನಿಲ್ಲಲ್ಲ, ನಂದೂ ನಿಲ್ಲಲ್ಲ.

ಗಂಡಸರಿಗೂ ಪಾಳಿ. ಇದಕ್ಕೇ ನೋಡಿ ಮನೇಲಿ ಬೆಂಕಿ ಬಿದ್ದಿದ್ದು. ನಮ್ಮೆಜಮಾನರು, "ನಾವು ಮಗೂನ ಎತ್ತಿ ಆಡಿಸಲ್ವಾ" ಅಂದ್ರು. ಆಡಿಸ್ತಾರೆ, ಅತ್ತರೆ ವಾಪಸ್ ಕೊಡ್ತಾರೆ. ಆಡಿಸಾದು ಬೇರೆ, ಕಾಯಾದು ಬೇರೆ. ಓರಗಿತ್ತಿಗೂ ಇಷ್ಟ ಇಲ್ಲ, ನಮ್ಮ ಹುಡುಗ ಹೆಗಲ ಮೇಲೆ ಟವಲ್ಲು ಹಾಕ್ಕೊಂಡು ಮಗು ಕಾದ್ರೆ ಊರೋರು ಏನಂತಾರೆ ಅಂತ. ನಾನಂದೆ, ಅವತ್ತು ಆ ತುಳು ಹೆಂಗಸು ಅಲ್ಲಿ ಇಲ್ದೇ ಹೋಗಿದ್ರೆ ಊರೋರು ಏನೇನಂತಿದ್ರು ಅಂತ ಯೋಚನೆ ಮಾಡು. ಎರಡು ದಿನ ಮಾತಾಡ್ಲಿಲ್ಲ ಅವಳು. ಮೂರ್ನೇ ದಿನ ತಾನೇ ಟವಲ್ಲು ಒಗೆದು ಹಾಕಿದ್ಲು.

ಹೋದ ಭಾನುವಾರ ಕೈವಾರಕ್ಕೆ ಹೋಗಿದ್ವಿ. ಪುಟ್ಟನ ಅಪ್ಪನ ಪಾಳಿ. ಅರ್ಧ ಗಂಟೆ ಆಗೋಕೆ ಇನ್ನೂ ಹತ್ತು ನಿಮಿಷ ಇರುವಾಗಲೇ ಬಂದು, "ದೊಡ್ಡಮ್ಮ, ಅರ್ಜೆಂಟು, ಸ್ವಲ್ಪ ತಗೊಳ್ಳಿ" ಅಂದ. ಹೆಂಡತಿ ಅಲ್ಲೇ ಕೂತಿದ್ಲು, ತಲೆ ಎತ್ತಿ ಗಂಡನ್ನ ನೋಡಿದ್ಲು, ಏನೂ ಅನ್ಲಿಲ್ಲ. ನಾನು ಟವಲ್ಲು ತಗೊಂಡು, "ಮಗೂನ ಬಿಟ್ಟು ಎಲ್ಲಿಗೋ ಹೊರಟೆ?" ಅಂದೆ. ಎಲ್ಲರೂ ನಕ್ಕರು. ಅವನು ನಗಲಿಲ್ಲ.

ಹೊಂಡದ ಬೇಲಿಗೆ ಇಪ್ಪತ್ತೆರಡು ಕಲ್ಲುಕೂಚ ಬಂದು ಹೊಲದಾಗೆ ಬಿದ್ದವೆ. ತಂತಿ ಇನ್ನೂ ಬಂದಿಲ್ಲ. ಈ ಬೆಳೆ ಗೂಡಿನ ರೇಟು ನೋಡ್ಕೊಂಡು ತರಾನ ಅಂತಾರೆ ಮೈದುನ. ನಾನು ದಿನಾ ಬೆಳಗ್ಗೆ ಕಾಫಿ ಕೊಡುವಾಗ ಕೇಳ್ತೀನಿ. ಇವತ್ತೂ ಕೇಳಿದ್ದೀನಿ.