ಹೋಮ್‌ಮೇಡ್ ಅಂದರೆ ಅರೆಬೆಂದದ್ದು ಎಂದಲ್ಲ

ನಮ್ಮ ಮನೆಗಳಲ್ಲಿ 'ಹೋಮ್‌ಮೇಡ್' ಅನ್ನುವುದು ಹೊಗಳಿಕೆಯ ಮಾತು. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಯಾರದೋ ಉಮ್ಮ ಮಾಡಿದ ಪತ್ತಿರ್, ಮಾವಿನ ಉಪ್ಪಿನಕಾಯಿ, ರಮಳಾನ್‌ನ ಸಮೋಸ ಮಾರಾಟಕ್ಕೆ ಬಂದರೆ ಬೇಕರಿ ರೇಟಿಗಿಂತ ಹತ್ತು ರೂಪಾಯಿ ಜಾಸ್ತಿ ಕೊಟ್ಟು ತರಿಸುತ್ತೇವೆ. ಮನೆಯಲ್ಲಿ ಮಾಡಿದ್ದು ಅಂದ ಮೇಲೆ ಎಣ್ಣೆ ಒಳ್ಳೆಯದು, ಕೈ ಶುದ್ಧ ಅನ್ನುವ ನಂಬಿಕೆ. ಉಪ್ಪೇ ಹಾಕದ ಸಮೋಸ ಕಳಿಸಿ, "ಮನೆಯಲ್ಲೇ ಮಾಡಿದ್ದಲ್ವಾ, ಸ್ವಲ್ಪ ಅಡ್ಜಸ್ಟ್ ಮಾಡಿ" ಅಂದ ಉಮ್ಮಂದಿರನ್ನು ನಾನಂತೂ ಕಂಡಿಲ್ಲ.

ಅದೇ ಮಾತು ಆಟದ ಪುಸ್ತಕದ ಮೇಲೆ ಬಂದರೆ ಅರ್ಥ ತಲೆಕೆಳಗಾಗುತ್ತದೆ. ಅಲ್ಲಿ ಹೋಮ್‌ಮೇಡ್ ಅಂದರೆ ಪುಟ ತಪ್ಪಿರಬಹುದು, ನಿಯಮ ಅರ್ಧ ಇರಬಹುದು, ಕೇಳಬೇಡಿ ಎಂದು. ನನ್ನ ತಕರಾರು ಇದರ ಮೇಲೆ.

ಯಾವ ಆಟ ಅಂತ ಕೇಳುವ ಹಿರಿಯರಿಗಾಗಿ ಎರಡು ಮಾತು. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಅನ್ನುತ್ತಾರೆ. ಮೊಬೈಲ್ ಬೇಡ, ಕರೆಂಟ್ ಬೇಡ. ನಾಲ್ಕೈದು ಮಂದಿ ಸುತ್ತ ಕೂರುತ್ತಾರೆ. ಒಬ್ಬ ಸನ್ನಿವೇಶ ಹೇಳುತ್ತಾನೆ: ಮಳೆಗಾಲ, ಬಂದರಿನಲ್ಲಿ ಮಂಜಿ ನಿಂತಿದೆ, ಗೋದಾಮಿನ ಬೀಗ ಒಡೆದಿದೆ. ಉಳಿದವರು ಒಂದೊಂದು ಪಾತ್ರ ವಹಿಸಿಕೊಂಡು ತಾವೇನು ಮಾಡುತ್ತೇವೆಂದು ಹೇಳುತ್ತಾರೆ. ಅದು ಫಲಿಸಿತೋ ಇಲ್ಲವೋ ಅನ್ನುವುದನ್ನು ದಾಳ, ಕಾರ್ಡ್ ಅಥವಾ ಬೇರೆ ಯಾವುದೋ ನಿಯಮ ತೀರ್ಮಾನಿಸುತ್ತದೆ. ಹೊಸೂರು, ಬೆಂಗಳೂರು, ಮಂಗಳೂರು, ದುಬೈ ಎಲ್ಲೆಂದರಲ್ಲಿ ನಮ್ಮ ಕಾಲೇಜು ಹುಡುಗರು, ಹುಡುಗಿಯರು ಇದನ್ನು ಆಡುತ್ತಿದ್ದಾರೆ. ಕೆಲವರು ಸ್ವಂತ ಆಟ ಬರೆದು, ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ನಡುವೆ ಪಿನ್ ಹೊಡೆಸಿ ಮಾರುತ್ತಿದ್ದಾರೆ. ಒಳ್ಳೆಯದೇ.

ನಾನೂ ಕೊಂಡಿದ್ದೇನೆ. ಹೆಸರು ಬೇಡ. ಕರಾವಳಿಯ ಕಥೆ, ಚೆಂದದ ಮುಖಪುಟ, 400 ರೂಪಾಯಿ. ಭಾನುವಾರ ಮನೆಯ ಮಕ್ಕಳನ್ನೆಲ್ಲ ಕೂರಿಸಿ ಶುರು ಮಾಡಿದೆವು. ದೋಣಿ ಮುಳುಗುವ ಹೊತ್ತಿಗೆ 14ನೇ ಪುಟದಲ್ಲಿ "31ನೇ ಪುಟದ ಪಟ್ಟಿ ನೋಡಿ" ಅಂತ ಬರೆದಿತ್ತು. ಪುಸ್ತಕ ಇದ್ದದ್ದೇ 28 ಪುಟ. ಮಾರಿದವರಿಗೆ ಮೆಸೇಜ್ ಹಾಕಿದರೆ ಬಂದ ಉತ್ತರ: "ಒಬ್ಬನೇ ರಾತ್ರಿ ಕೂತು ಮಾಡಿದ್ದು ಬ್ರೋ, ಸಪೋರ್ಟ್ ಮಾಡಿ." ಸಪೋರ್ಟ್ ಮಾಡಿದ್ದೆನಲ್ಲ, 400 ರೂಪಾಯಿ ಕೊಟ್ಟು! ನಾನು ಕೇಳಿದ್ದು ಪಟ್ಟಿ.

ಹೊಸೂರಿನಲ್ಲಿ ದುಡಿಯುವವರಿಗೆ ಇದನ್ನು ವಿವರಿಸುವುದು ಸುಲಭ. ಇಲ್ಲಿ ಟಿವಿಎಸ್, ಅಶೋಕ್ ಲೇಲ್ಯಾಂಡ್, ಟೈಟಾನ್‌ನಂಥ ದೊಡ್ಡ ಗೇಟುಗಳಿವೆ. ಸಿಪ್‌ಕಾಟ್ ಸುತ್ತ ಒಂದು ಲೇತ್, ಒಂದು ಡ್ರಿಲ್ಲಿಂಗ್ ಮಷಿನ್ ಇಟ್ಟುಕೊಂಡ ಶೆಡ್‌ಗಳೂ ಇವೆ. ತಗಡಿನ ಮಾಡು, ಮೂಲೆಯಲ್ಲಿ ಟೀ ಫ್ಲಾಸ್ಕ್, ಮಾಲಕನೇ ಆಪರೇಟರ್. ಆರ್ಡರ್ ಕೊಡುವವನು ಮಾಡಿನ ಬಗ್ಗೆ ಕೇಳುವುದಿಲ್ಲ, ಎಸಿ ಯಾಕಿಲ್ಲ ಅನ್ನುವುದಿಲ್ಲ. ಆದರೆ ಡ್ರಾಯಿಂಗಿನಲ್ಲಿ ಟಾಲರೆನ್ಸ್ 0.02 ಮಿಲಿಮೀಟರ್ ಅಂತಿದ್ದರೆ ಅದು 0.02. ಗೋ ಗೇಜ್ ಒಳಗೆ ಹೋಗಬೇಕು, ನೋ-ಗೋ ಹೋಗಬಾರದು. ಪಾಪ, ಸಣ್ಣ ಶೆಡ್ಡು ಅಂತ ಯಾರೂ 0.2 ಒಪ್ಪಿಕೊಳ್ಳುವುದಿಲ್ಲ. ಹಾಗೆ ಒಪ್ಪಿಕೊಂಡಿದ್ದರೆ ಆ ಶೆಡ್‌ಗಳಲ್ಲಿ ಒಂದೂ ಇವತ್ತು ಉಳಿಯುತ್ತಿರಲಿಲ್ಲ.

ಆಟದ ಪುಸ್ತಕವನ್ನು ಪಾರ್ಟ್ ಅಂತ ತಿಳಿಯುವುದೇ ತಪ್ಪು. ಅದು ಡ್ರಾಯಿಂಗ್. ಪಾರ್ಟ್ ತಯಾರಾಗುವುದು ಕೊಂಡವನ ಮನೆಯ ಮೇಜಿನ ಮೇಲೆ. ಡ್ರಾಯಿಂಗ್ ಹಾಳೆಗೆ ಎಣ್ಣೆ ಕಲೆ ತಾಗಿರಲಿ, ಅಂಚು ಹರಿದಿರಲಿ, ಕೆಲಸ ನಿಲ್ಲುವುದಿಲ್ಲ. ಒಂದು ಅಳತೆ ಬಿಟ್ಟುಹೋದರೆ ಆಪರೇಟರ್ ಊಹೆ ಮಾಡಬೇಕಾಗುತ್ತದೆ, ಆಗ ಹೋಗುವುದು ನೇರ ಸ್ಕ್ರ್ಯಾಪ್‌ಗೆ. ಆದ್ದರಿಂದ ಕೊಳ್ಳುವವರು ಕಾಗದದ ವಿಷಯದಲ್ಲಿ ಧಾರಾಳವಾಗಿರಿ, ನಿಯಮದ ವಿಷಯದಲ್ಲಿ ಜಿಪುಣರಾಗಿರಿ. ಕಪ್ಪು ಬಿಳುಪು ಚಿತ್ರ, ಚಿತ್ರವೇ ಇಲ್ಲದ ಪುಟ, ಸ್ವಲ್ಪ ಓರೆಯಾದ ಕಟಿಂಗ್, ಅಲ್ಲಲ್ಲಿ ಅಕ್ಷರದೋಷ ಎಲ್ಲ ಮಾಫಿ. ಸೋತರೆ ಏನಾಗುತ್ತದೆ, ಪಾತ್ರ ಸತ್ತರೆ ಮುಂದೇನು, ಆಟ ಯಾವಾಗ ಮುಗಿಯುತ್ತದೆ ಅನ್ನುವುದೇ ಇಲ್ಲದಿದ್ದರೆ ಮಾಫಿ ಇಲ್ಲ.

"ಇದು ಕಲ್ಪನೆಯ ಆಟ, ಖಾಲಿ ಜಾಗವನ್ನು ನೀವೇ ತುಂಬಿಕೊಳ್ಳಬೇಕು" ಅನ್ನುವ ವಾದ ಒಂದಿದೆ. ಬೇಕೆಂದು ಬಿಟ್ಟ ಜಾಗ ಬೇರೆ, ಮರೆತು ಬಿಟ್ಟ ಜಾಗ ಬೇರೆ. ಜಾನ್ ಹಾರ್ಪರ್ ಎಂಬವರು 2013ರಲ್ಲಿ 'ಲೇಸರ್ಸ್ ಆ್ಯಂಡ್ ಫೀಲಿಂಗ್ಸ್' ಅಂತ ಒಂದು ಆಟ ಬರೆದರು. ಇಡೀ ಆಟ ಒಂದೇ ಪುಟ, ಅದೂ ಉಚಿತ. ಎರಡರಿಂದ ಐದರೊಳಗೆ ಒಂದು ಸಂಖ್ಯೆ ಆರಿಸಿಕೊಳ್ಳಿ; ಲೆಕ್ಕಾಚಾರದ, ಯಂತ್ರದ ಕೆಲಸಕ್ಕೆ ದಾಳ ಅದಕ್ಕಿಂತ ಕೆಳಗೆ ಬೀಳಬೇಕು, ಮನಸ್ಸಿನ, ಮಾತಿನ ಕೆಲಸಕ್ಕೆ ಮೇಲೆ ಬೀಳಬೇಕು. ಅಷ್ಟೇ ಬುಡ. ಒಂದರಲ್ಲಿ ಜಾಣನಾದರೆ ಇನ್ನೊಂದರಲ್ಲಿ ದಡ್ಡ. ಒಂದು ಪುಟದಲ್ಲಿ ಪೂರ್ತಿ ಆಗುವುದಾದರೆ 28 ಪುಟದಲ್ಲಿ ಯಾಕೆ ಆಗಬಾರದು?

ಈ ಆಟಗಳ ಮೂಲವೇ ಮನೆಯ ಕೆಲಸ. 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್' 1974ರಲ್ಲಿ ಹೊರಬಂದಾಗ ಮೊದಲ ಮುದ್ರಣ 1,000 ಪ್ರತಿ. ಅಮೆರಿಕದ ವಿಸ್ಕಾನ್ಸಿನ್‌ನ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೊತೆಗಾರರು ಮೂರು ಪುಸ್ತಿಕೆಗಳನ್ನು ಕೈಯಲ್ಲೇ ಡಬ್ಬಿಗೆ ತುಂಬಿ 10 ಡಾಲರಿಗೆ ಮಾರಿದರು. ಚಿತ್ರಗಳು ಶಾಲಾ ಮಕ್ಕಳು ಬಿಡಿಸಿದ ಹಾಗೆ. ಜನ ಅದನ್ನು ಲೆಕ್ಕಿಸಲಿಲ್ಲ, ಪ್ರತಿಗಳೆಲ್ಲ ಖರ್ಚಾದವು. ಆದರೆ ನಿಯಮಗಳ ಗೊಂದಲವನ್ನು ಜನ ಸುಮ್ಮನೆ ನುಂಗಿಕೊಂಡರೆಂದು ತಿಳಿಯಬೇಡಿ. ಅರಿಝೋನಾದ ಕೆನ್ ಸೇಂಟ್ ಆಂಡ್ರೆ ಅದನ್ನು ಓದಿ ತಲೆಕೆಟ್ಟು, 1975ರಲ್ಲಿ 'ಟನಲ್ಸ್ ಆ್ಯಂಡ್ ಟ್ರೋಲ್ಸ್' ಅಂತ ತನ್ನದೇ ಸರಳ ಆಟ ಬರೆದು 100 ಪ್ರತಿ ಮುದ್ರಿಸಿದ. ಯಾರ ಬಳಿಯೂ ಇರುವ ಆರು ಮುಖದ ದಾಳ ಸಾಕು ಅನ್ನುವಂತೆ ಮಾಡಿದ. ಅಂಗಡಿಯವನ ಭಾಷೆಯಲ್ಲಿ ಹೇಳುವುದಾದರೆ, ಗಿರಾಕಿ ಎದುರುಗಡೆಯೇ ಅಂಗಡಿ ಹಾಕಿದ. ಕೊನೆಗೆ 1977ರಲ್ಲಿ ಎರಿಕ್ ಹೋಮ್ಸ್ ಎಂಬ ನರರೋಗ ವೈದ್ಯರು ಮೂಲ ಕಂಪನಿಗೇ ಹೊಸಬರಿಗೆ ಅರ್ಥವಾಗುವ ಹಾಗೆ ಪುಸ್ತಕ ತಿದ್ದಿ ಬರೆದುಕೊಡಬೇಕಾಯಿತು.

ಇನ್ನು ಕೊಳ್ಳುವವರ ಕಿವಿ ಹಿಂಡಬೇಕಾದ್ದೂ ಇದೆ. "40 ಪುಟಕ್ಕೆ 300 ರೂಪಾಯಿಯಾ?" ಅನ್ನುವ ಮಾತು ನಮ್ಮವರಿಂದಲೇ ಹೆಚ್ಚು ಬರುತ್ತದೆ. ಉಪ್ಪನ ಅಂಗಡಿಯಲ್ಲಿ ಕೂತು ಬೆಳೆದವನು ನಾನು, ಅಸಲು ಲೆಕ್ಕ ಹಾಕೋಣ. ಎ4 ಹಾಳೆ ಮಡಚಿದರೆ ನಾಲ್ಕು ಪುಟ. 40 ಪುಟಕ್ಕೆ 10 ಹಾಳೆ, 20 ಬದಿ. ಬದಿಗೆ 2 ರೂಪಾಯಿ ಹಿಡಿದರೆ 40. ಕಲರ್ ಕವರಿಗೆ, ಪಿನ್ನಿಗೆ 20. ಚಿತ್ರ ಬಿಡಿಸಿದವರಿಗೆ 10,000 ಕೊಟ್ಟು 100 ಪ್ರತಿ ಮಾಡಿದರೆ ಒಂದಕ್ಕೆ 100. ಕೊರಿಯರ್ 60. ಅಲ್ಲಿಗೇ 220 ಆಯಿತು. 100 ಪ್ರತಿಯೂ ಮಾರಿಹೋದರೆ ಉಳಿಯುವುದು 8,000 ರೂಪಾಯಿ, ಆರು ತಿಂಗಳ ರಾತ್ರಿಗಳಿಗೆ. ದೊಡ್ಡ ಕಂಪನಿಯ 384 ಪುಟದ ಬಣ್ಣದ ಪುಸ್ತಕವನ್ನು ಇದರ ಪಕ್ಕ ಇಟ್ಟು ಪುಟಕ್ಕೆಷ್ಟು ಅಂತ ಭಾಗಾಕಾರ ಮಾಡುವುದು ಅನ್ಯಾಯ. ಪುಟದ ತೂಕ ನೋಡಿ ಕೊಳ್ಳುವುದಾದರೆ ಟೆಲಿಫೋನ್ ಡೈರೆಕ್ಟರಿ ಕೊಳ್ಳಿ. ಮೂರು ಗಂಟೆ ಐದು ಮಂದಿಯನ್ನು ಮೊಬೈಲ್ ಮುಟ್ಟದೆ ಕೂರಿಸಿದರೆ 300 ರೂಪಾಯಿ ದುಬಾರಿಯಲ್ಲ. ಕೂರಿಸದಿದ್ದರೆ 30 ರೂಪಾಯಿಯೂ ದುಬಾರಿ.

ಇದಕ್ಕಿಂತ ಕೆಟ್ಟದ್ದು ಮರುಕದ ವ್ಯಾಪಾರ. "ನಮ್ಮ ಹುಡುಗ ಮಾಡಿದ್ದು, ಮಾಶಾ ಅಲ್ಲಾಹ್, ಎಲ್ಲರೂ ಶೇರ್ ಮಾಡಿ" ಅಂತ ಗ್ರೂಪಿನಲ್ಲಿ ಬರುತ್ತದೆ. ಐವತ್ತು ಹಾರ್ಟ್, ಹತ್ತು ಮಂದಿ ಕೊಳ್ಳುತ್ತಾರೆ, ಒಬ್ಬರೂ ಆಡುವುದಿಲ್ಲ. ತಪ್ಪು ಎಲ್ಲಿದೆ ಅಂತ ಆ ಹುಡುಗನಿಗೆ ಯಾರೂ ಹೇಳುವುದಿಲ್ಲ. ಎರಡನೇ ಆಟ ಬಂದಾಗ ಆ ಹತ್ತು ಮಂದಿಯೂ ಸುಮ್ಮನಿರುತ್ತಾರೆ, ಅವನು ಸಮುದಾಯ ಕೈಕೊಟ್ಟಿತು ಅಂತ ಬರೆಯುತ್ತಾನೆ. ನಮ್ಮವನು ಅನ್ನುವ ಕಾರಣಕ್ಕೆ ಕೊಂಡರೆ ಅದು ದಾನ. ದಾನ ಕೊಡಲು ನಮ್ಮಲ್ಲಿ ಬೇರೆ ದಾರಿಗಳಿವೆ.

ನಮ್ಮ ಕುಟುಂಬಗಳು ಕೇಳಲೇಬೇಕಾದ ಇನ್ನೊಂದು ಸಂಗತಿ ದಾಳ. ನರ್ದ್ ಆಟದ ಬಗ್ಗೆ ಹದೀಸಿನಲ್ಲಿ, ಫಿಕ್ಹ್‌ನಲ್ಲಿ ಏನು ಹೇಳಿದೆ ಎಂದು ಮದ್ರಸ ಓದಿದವರಿಗೆ ಗೊತ್ತು. ಪಣ ಕಟ್ಟದ ಕಥೆಯಾಟಕ್ಕೆ ಅದು ಅನ್ವಯಿಸುತ್ತದೋ ಇಲ್ಲವೋ ಎಂದು ಕೇಳಬೇಕಾದ್ದು ಉಸ್ತಾದರನ್ನು, ಡಿಪ್ಲೊಮಾ ಮೆಕ್ಯಾನಿಕಲ್‌ನವನನ್ನಲ್ಲ. ನಾನು ಹೇಳುವುದು ಇಷ್ಟೇ: ಆಟದೊಳಗೆ ದಾಳ ಇದೆಯೋ, ಇಸ್ಪೀಟೆಲೆ ಇದೆಯೋ, ಮಾಟ ಮಂತ್ರ, ರಕ್ತಪಾತ ಎಷ್ಟಿದೆ, ಯಾವ ವಯಸ್ಸಿನವರಿಗೆ ಎಂದು ಹಿಂಬದಿ ರಟ್ಟಿನ ಮೇಲೆ ಬರೆದಿರಬೇಕು. ಮನೆಗೆ ತಂದು ಬಿಚ್ಚಿದ ಮೇಲೆ ಉಮ್ಮನ ಎದುರು ಗೊತ್ತಾಗುವುದಲ್ಲ. ದಾಳವಿಲ್ಲದೆ ಆಗುವುದೇ ಇಲ್ಲ ಅನ್ನುವವರು 1991ರ 'ಆ್ಯಂಬರ್ ಡೈಸ್‌ಲೆಸ್' ಹೆಸರನ್ನಾದರೂ ಕೇಳಿರಲಿ. ಬೆಂಜಮಿನ್ ರೋಸೆನ್‌ಬಾಮ್ ಬರೆದ 'ಡ್ರೀಮ್ ಅಪಾರ್ಟ್' ಕೂಡ ದಾಳವಿಲ್ಲದ ಆಟವೇ, ಟೋಕನ್ ಕೊಟ್ಟು ತೆಗೆದುಕೊಂಡು ನಡೆಯುತ್ತದೆ. ಅದರ ಕಥೆ 19ನೇ ಶತಮಾನದ ಪೂರ್ವ ಯುರೋಪಿನ ಯಹೂದಿಗಳ ಒಂದು ಸಣ್ಣ ಪೇಟೆಯದ್ದು. ಅಲ್ಪಸಂಖ್ಯಾತ ಸಮುದಾಯವೊಂದರ ಬೀದಿ, ಮದುವೆ, ಭಯ ಎಲ್ಲ ಆಟವಾಗಿದೆ.

ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಹೊಸೂರು, ಕೃಷ್ಣಗಿರಿಯಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ತಮಿಳು, ಇಂಗ್ಲಿಷ್. 2006ರ ತಮಿಳು ಕಲಿಕಾ ಕಾಯ್ದೆ ಬಂದ ಮೇಲೆ ಅದು ತಪ್ಪಿದ್ದಲ್ಲ, ಕಲಿಯಲಿ, ಅನ್ನದ ಭಾಷೆ. ಬ್ಯಾರಿ ಬಾಸೆ ಅಡುಗೆಮನೆಯಲ್ಲಿ ಉಳಿದಿದೆ, ಕನ್ನಡ ಅಕ್ಷರ ಅಷ್ಟೂ ಇಲ್ಲ. 2009ರಿಂದ ಬ್ಯಾರಿ ಸಾಹಿತ್ಯ ಅಕಾಡೆಮಿ ಇದೆ, ಪುಸ್ತಕಗಳು ಬರುತ್ತವೆ, ಹದಿಮೂರರ ಹುಡುಗ ಓದುವುದಿಲ್ಲ. ಅದೇ ಹುಡುಗ ಬಂದರಿನ ಮಂಜಿಯ ತಂಡೇಲನಾಗಿ ಎರಡು ಗಂಟೆ ಬ್ಯಾರಿಯಲ್ಲಿ ಬಡಬಡಿಸಿದರೆ? ಯುರೋಪಿನ ಕೋಟೆ, ಡ್ರ್ಯಾಗನ್ ಬಿಟ್ಟು ಚಿಕ್ಕಮಗಳೂರಿನ ಕಾಫಿ ವ್ಯಾಪಾರ, ಬೊಂಬಾಯಿಗೆ ಹೋದ ಅಜ್ಜ, ಗಲ್ಫ್ ಕಾಗದ ಕಾಯುವ ಮನೆ ಆಟವಾದರೆ? ಅಂಥ ಆಟ ಮೊದಲ ಸಲ ಮೇಜಿಗೆ ಬಂದು 31ನೇ ಪುಟ ಇಲ್ಲದೆ ನಿಂತುಹೋದರೆ ಆ ಹುಡುಗ ಇನ್ನೊಮ್ಮೆ ಕೂರುವುದಿಲ್ಲ. "ನಮ್ಮದೆಲ್ಲ ಹೀಗೇ" ಅಂತ ಇಂಗ್ಲಿಷ್ ಆಟಕ್ಕೆ ಹೋಗುತ್ತಾನೆ.

ಚೆನ್ನೆಮಣೆಗೆ ಯಾರೂ ನಿಯಮದ ಪುಸ್ತಕ ಬರೆದು ಕೊಡಲಿಲ್ಲ, ನಿಜ. ಆಚಾರಿ ಮಣೆ ಕೊರೆದುಕೊಟ್ಟ, ಹದಿನಾಲ್ಕು ಗುಳಿಗೆ ನಾಲ್ಕು ನಾಲ್ಕು ಕಾಯಿ ಹಾಕುವುದನ್ನು ಆಟಿ ತಿಂಗಳ ಮಳೆಯಲ್ಲಿ ಮನೆಯ ಅಜ್ಜಿ ಹೇಳಿಕೊಟ್ಟರು. ತಪ್ಪಿದರೆ ಕೈಗೊಂದು ಏಟು. ಅಂಚೆಯಲ್ಲಿ ಬರುವ ಪುಸ್ತಕದ ಜೊತೆ ಅಜ್ಜಿ ಬರುವುದಿಲ್ಲ. ಆದ್ದರಿಂದ ಆ ಅಜ್ಜಿಯ ಕೆಲಸವನ್ನು ಪುಸ್ತಕವೇ ಮಾಡಬೇಕು. ಮಾಡುತ್ತದೋ ಇಲ್ಲವೋ ನೋಡಲು ಒಂದೇ ಪರೀಕ್ಷೆ: ಬರೆದವನ ಗೆಳೆಯರಲ್ಲದ ನಾಲ್ಕು ಮಂದಿಗೆ ಪುಸ್ತಕ ಕೊಟ್ಟು, ಬರೆದವನು ಪಕ್ಕದ ಕೋಣೆಯಲ್ಲಿ ಬಾಯಿ ಮುಚ್ಚಿ ಕೂರಬೇಕು. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಡ್ರಾಯಿಂಗ್ ತಪ್ಪು.

ಹಾಗಾಗಿ ಹಣ ಕಳಿಸುವ ಮೊದಲು ಕೇಳಿ. ನೀವಿಲ್ಲದೆ ಇದನ್ನು ಯಾರಾದರೂ ಆಡಿದ್ದಾರೆಯೇ? ಎಷ್ಟು ಸಲ? ಇದೊಂದೇ ಪುಸ್ತಕ ಸಾಕೇ, ಬೇರೆ ಪುಸ್ತಕ ಬೇಕೇ? ಮಾದರಿ ನಾಲ್ಕು ಪುಟ ಕಳಿಸುತ್ತೀರಾ? ತಪ್ಪು ಸಿಕ್ಕರೆ ತಿದ್ದಿದ ಹಾಳೆ ಉಚಿತವಾಗಿ ಬರುತ್ತದೆಯೇ? ಡಬ್ಬಿಯಲ್ಲಿ ಮಾರುವುದಾದರೆ ಎಂಆರ್‌ಪಿ, ತಯಾರಿಸಿದವರ ಹೆಸರು, ವಿಳಾಸ, ತಿಂಗಳು, ದೂರು ಹೇಳುವ ನಂಬರ್ ಇರಬೇಕು. 2011ರ ಪ್ಯಾಕೇಜ್ ನಿಯಮ ಬಿಸ್ಕತ್ತಿಗೆ ಮಾತ್ರ ಮಾಡಿದ್ದಲ್ಲ. ಆನ್‌ಲೈನ್ ಮಾರುವವರಿಗೆ 2020ರ ಇ-ಕಾಮರ್ಸ್ ನಿಯಮವೂ ಇದೆ, ವಾಪಸ್ ಮತ್ತು ರೀಫಂಡ್ ಹೇಗೆ ಎಂದು ಮೊದಲೇ ಹೇಳಬೇಕು. ಇಷ್ಟು ಕೇಳಿದ್ದಕ್ಕೆ ಸಿಟ್ಟಾಗುವವರ ಹತ್ತಿರ ಕೊಳ್ಳಬೇಡಿ. ಸರಿಯಾಗಿ ಉತ್ತರಿಸುವವರ ಹತ್ತಿರ ಚೌಕಾಸಿ ಮಾಡಬೇಡಿ, ಹೇಳಿದ ರೇಟು ಕೊಡಿ, ಪಿಡಿಎಫ್ ಫಾರ್ವರ್ಡ್ ಮಾಡಬೇಡಿ. ಆಡಿ ಮುಗಿದ ಮೇಲೆ ಎಲ್ಲಿ ಸಿಕ್ಕಿಕೊಂಡಿತು ಅನ್ನುವುದನ್ನು ಪುಟ ಸಂಖ್ಯೆ ಸಮೇತ ಬರೆದವರಿಗೇ ಮೆಸೇಜ್ ಮಾಡಿ, ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಅಲ್ಲ.