ಕೇಳಿ ಮಾಡುವ ಸೇವೆ

ಶರಣಧರ್ಮವು ಕಾಯಕ, ದಾಸೋಹಗಳನ್ನು ಜೊತೆಯಾಗಿಯೇ ಬೋಧಿಸಿತು. ಆದರೆ ಮರದಿಂದ ಬಿದ್ದೋ, ಟ್ರ್ಯಾಕ್ಟರ್ ಉರುಳಿಯೋ ಬೆನ್ನುಹುರಿಗೆ ಪೆಟ್ಟಾದ ತರುಣನಿಗೆ ಸಮಾಜವು ನೀಡುವುದು ಕನಿಕರವನ್ನೇ ಹೊರತು ಕಾಯಕವನ್ನಲ್ಲ.

ಅವನು ಮತ್ತೆ ನಡೆದಾನೆಯೇ ಎಂಬುದೊಂದೇ ಎಲ್ಲರ ಪ್ರಶ್ನೆ. ಅವನ ಪ್ರಶ್ನೆಗಳು ಬೇರೆ ಇರಬಹುದು. 2004ರಲ್ಲಿ ಅಮೆರಿಕದ ಸಂಶೋಧಕಿ ಕಿಮ್ ಆಂಡರ್ಸನ್ ಅವರು ಗಾಯಾಳುಗಳನ್ನೇ ವಿಚಾರಿಸಿದರು. ಕೈಕಾಲುಗಳೆರಡೂ ಸೋತವರು ನಡಿಗೆಗಿಂತ ಮೊದಲು ಕೈಗಳ ಶಕ್ತಿಯನ್ನು ಬಯಸಿದರು. ಕಾಲುಗಳಷ್ಟೇ ಸೋತವರೂ ಅವರೊಡನೆ ಮಲಮೂತ್ರಗಳ ಹತೋಟಿ ಮುಖ್ಯವೆಂದರು.

ಯಾದಗಿರಿ, ಶಹಾಪುರ, ಸುರಪುರಗಳ ತರುಣರನ್ನೂ ಹೀಗೆಯೇ ಕೇಳಬೇಕಾಗಿದೆ. ಯಾದಗಿರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆ ಕಾರ್ಯಕ್ಕೆ ಹಳ್ಳಿಗಳತ್ತ ಹೊರಡಲಿ. ಹಾಸಿಗೆಹುಣ್ಣಿನ ತಡೆ ಮೊದಲೋ, ಎರೆಮಣ್ಣಿನ ದಾರಿಯಲ್ಲೂ ಉರುಳುವ ಗಾಲಿಕುರ್ಚಿ ಮೊದಲೋ, ಕುಳಿತು ಮಾಡಬಲ್ಲ ಉದ್ಯೋಗ ಮೊದಲೋ ಎಂಬುದನ್ನು ಅವರೇ ನಿರ್ಣಯಿಸಲಿ. ಸಂಶೋಧನೆಯು ಆ ನಿರ್ಣಯವನ್ನು ಅನುಸರಿಸಲಿ.

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ. 4ರಷ್ಟು ಮೀಸಲಾತಿಯನ್ನು ವಿಧಿಸಿದೆ. ಶಾಲೆಯ ಮೆಟ್ಟಿಲಿನಲ್ಲೇ ಓದು ನಿಂತವನಿಗೆ ಆ ಹುದ್ದೆ ಎಟುಕದು. ಆದುದರಿಂದ ದಾನಿಗಳು ಕಟ್ಟಿಸುವ ಪ್ರತಿ ಕೊಠಡಿಗೂ ಇಳಿಜಾರು ದಾರಿಯಿರಲಿ, ಗಾಲಿಕುರ್ಚಿ ಹಿಡಿಸುವ ಶೌಚಗೃಹವಿರಲಿ. ಹಸಿವನ್ನು ಅರಿಯದೆ ಬಡಿಸಿದುದು ದಾಸೋಹವೆನಿಸದು.