ಮೊದಲ ಸರಕು ಕೆಟ್ಟು ಬಂದಾಗ

ವ್ಯಂಗ್ಯಚಿತ್ರ ಧಾರಾವಾಹಿ ಎಂದರೆ ಮಕ್ಕಳ ಕಾಲಕ್ಷೇಪ ಎಂಬ ಭಾವನೆ ನಮ್ಮ ವ್ಯಾಪಾರಿ ವಲಯದಲ್ಲಿ ಸಾಮಾನ್ಯ. ಆದರೆ ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ 1989ರ ಡಿಸೆಂಬರ್ 17ರಂದು ಪ್ರಸಾರ ಆರಂಭಿಸಿದ ‘ದಿ ಸಿಂಪ್ಸನ್ಸ್’ ಎಂಬ ಕೌಟುಂಬಿಕ ಹಾಸ್ಯ ಧಾರಾವಾಹಿಯ ಮೊದಲ ಆವೃತ್ತಿಯ ಹಿಂದಿನ ಕಥೆ, ಜಾಬ್‌ವರ್ಕ್ ಕೊಡುವ ಮತ್ತು ಪಡೆಯುವ ಪ್ರತಿಯೊಬ್ಬ ಉದ್ಯಮಿಯೂ ಅರಿಯಬೇಕಾದದ್ದು.

ಮ್ಯಾಟ್ ಗ್ರೇನಿಂಗ್ ಸೃಷ್ಟಿಸಿದ ಈ ಸಂಸಾರ 1987ರಿಂದ ಬೇರೊಂದು ಕಾರ್ಯಕ್ರಮದ ನಡುವೆ ಕಿರುಚಿತ್ರಗಳಾಗಿ ಕಾಣಿಸಿಕೊಳ್ಳುತ್ತಿತ್ತು. ಅದು ಜನಪ್ರಿಯವಾದ ಬಳಿಕ ಅರ್ಧ ಗಂಟೆಯ 13 ಕಂತುಗಳು ಸಿದ್ಧವಾದವು. ಕಥೆ, ಧ್ವನಿ ಮತ್ತು ಮುಖ್ಯ ವಿನ್ಯಾಸಗಳ ಕೆಲಸ ಲಾಸ್ ಏಂಜಲೀಸ್‌ನಲ್ಲಿ. ಸಾವಿರಾರು ಚಿತ್ರಗಳನ್ನು ಬರೆದು ಬಣ್ಣ ತುಂಬುವ ಕೆಲಸ ದಕ್ಷಿಣ ಕೊರಿಯಾದ ಎಕಾಮ್ ಸಂಸ್ಥೆಯಲ್ಲಿ. ಅಚ್ಚುಕಟ್ಟಾದ ಹೊರಗುತ್ತಿಗೆ ವ್ಯವಸ್ಥೆ.

ಆದರೆ ಮೊದಲು ಪ್ರಸಾರವಾಗಬೇಕಿದ್ದ ಕಂತು ಕೊರಿಯಾದಿಂದ ಸಿದ್ಧವಾಗಿ ಬಂದಾಗ ನಿರ್ಮಾಪಕರು ದಿಗ್ಭ್ರಮೆಗೊಂಡರು. ಅವರಿಗೆ ಬೇಕಾಗಿದ್ದುದು ನಿಜಲೋಕದ ನಿಯಮಗಳಿಗೆ ಬದ್ಧವಾದ ಚಿತ್ರ. ಬಂದದ್ದರಲ್ಲಿ ಬಾಗಿಲು ಬಡಿದರೆ ಅದು ರಬ್ಬರಿನಂತೆ ಬಳುಕುತ್ತಿತ್ತು. ಸುಮಾರು ಶೇ. 70ರಷ್ಟನ್ನು ಮತ್ತೆ ಮಾಡಬೇಕಾಯಿತು.

ನನ್ನ ಅಭಿಪ್ರಾಯದಲ್ಲಿ ಇಲ್ಲಿನ ಮೂಲ ದೋಷ ಕೈಚಳಕದ್ದಲ್ಲ, ಸೂಚನೆಯದು. ಬಳುಕುವ ಬಾಗಿಲು ಅಂದಿನ ವ್ಯಂಗ್ಯಚಿತ್ರಗಳ ರೂಢಿಯೇ ಆಗಿತ್ತು. ಆ ರೂಢಿ ಬೇಡವೆಂಬ ಹೊಸ ಕಲ್ಪನೆ ಹಲವು ಕೈ ದಾಟುವಷ್ಟರಲ್ಲಿ ಸವೆದುಹೋಗಿತ್ತು. ನಮ್ಮಲ್ಲೂ ಇದೇ ನಡೆಯುತ್ತದೆ. ಡ್ರಾಯಿಂಗ್‌ನಲ್ಲಿ ಅಳತೆ ಇರುತ್ತದೆ, ಮೇಲ್ಮೈ ನಯ ಎಷ್ಟಿರಬೇಕೆಂದು ಇರುವುದಿಲ್ಲ. ಬಣ್ಣದ ಹೆಸರು ಇರುತ್ತದೆ, ಒಪ್ಪಿತ ಮಾದರಿಯ ತುಂಡು ಇರುವುದಿಲ್ಲ. ‘ಅವರಿಗೆ ಗೊತ್ತಿರುತ್ತದೆ’ ಎಂಬ ನಂಬಿಕೆಯೇ ತಿರಸ್ಕೃತ ಮಾಲಿನ ಮೊದಲ ಕಾರಣ.

ನಿರ್ಮಾಪಕರ ಮುಂದಿನ ನಡೆ ಅನುಕರಣೀಯ. ಮುಂದಿನ ಕಂತೂ ಇದೇ ರೀತಿ ಬಂದರೆ ಧಾರಾವಾಹಿಯನ್ನೇ ಕೈಬಿಡುವ ಯೋಚನೆ ಅವರಲ್ಲಿತ್ತು. ಅದೃಷ್ಟವಶಾತ್ ಅದರಲ್ಲಿದ್ದವು ಸುಲಭವಾಗಿ ತಿದ್ದಬಹುದಾದ ಕೊರತೆಗಳು ಮಾತ್ರ. ವಾಹಿನಿಯನ್ನು ಒಪ್ಪಿಸಿ ಪ್ರಸಾರವನ್ನು ಡಿಸೆಂಬರ್‌ಗೆ ಮುಂದೂಡಿ, ಕ್ರಿಸ್‌ಮಸ್ ಕಂತಿನಿಂದ ಆರಂಭಿಸಿದರು. ಕೆಟ್ಟು ಬಂದಿದ್ದ ಕಂತು ದುರಸ್ತಿಯಾಗಿ 1990ರ ಮೇ 13ರಂದು ಕೊನೆಯದಾಗಿ ಪ್ರಸಾರವಾಯಿತು. ಇದೇ ಆವೃತ್ತಿಯ ಒಂದು ಕಂತಿಗೆ 1990ರ ಎಮ್ಮಿ ಪ್ರಶಸ್ತಿ ಸಂದಿತು. ಗಮನಾರ್ಹವೆಂದರೆ, ಎಕಾಮ್ ಸಂಸ್ಥೆಯ ಸಂಬಂಧವನ್ನು ಅವರು ಕಡಿದುಕೊಳ್ಳಲಿಲ್ಲ. ಅದು ದಶಕಗಳ ಕಾಲ ಮುಂದುವರಿಯಿತು.

ದೊಡ್ಡ ವಾಹಿನಿಯ ಬೆಂಬಲವಿದ್ದವರು ಕಾಯಬಲ್ಲರು, ಗಡುವು ತಪ್ಪಿದರೆ ಆರ್ಡರನ್ನೇ ಕಳೆದುಕೊಳ್ಳುವ ಸಣ್ಣ ಘಟಕ ಏನು ಮಾಡಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಅಂಥವರಿಗೇ ಪೂರ್ವ ಎಚ್ಚರಿಕೆ ಹೆಚ್ಚು ಅಗತ್ಯ. ಪೂರ್ಣ ಲಾಟ್‌ಗೆ ಮುನ್ನ ಮೊದಲ ನಗವನ್ನು ಪರಿಶೀಲಿಸಿ, ಉಭಯತ್ರರೂ ಸಹಿ ಮಾಡಿದ ಮಾದರಿಯನ್ನು ಇಬ್ಬರ ಬಳಿಯೂ ಇರಿಸುವುದಕ್ಕೆ ತಗಲುವ ವೆಚ್ಚ ಅತ್ಯಲ್ಪ.

ತಕರಾರನ್ನು ಬಾಯಿಮಾತಿನಲ್ಲಿ ಉಳಿಸುವುದೂ ಸಲ್ಲದು. ನೋಂದಾಯಿತ ಸೂಕ್ಷ್ಮ ಮತ್ತು ಸಣ್ಣ ಘಟಕಗಳು ಪೂರೈಸಿದ ಸರಕಿನ ಬಗ್ಗೆ 15 ದಿನಗಳೊಳಗೆ ಖರೀದಿದಾರರು ಲಿಖಿತ ಆಕ್ಷೇಪ ಸಲ್ಲಿಸದಿದ್ದರೆ, ತಲುಪಿದ ದಿನವೇ ಅದನ್ನು ಸ್ವೀಕರಿಸಿದಂತೆ ಎಂದು 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಪರಿಗಣಿಸುತ್ತದೆ. ಹಣ ಪಾವತಿಯ ಅವಧಿಯೂ ಅಲ್ಲಿಂದಲೇ ಎಣಿಕೆಯಾಗುತ್ತದೆ. ತಿಂಗಳ ಬಳಿಕ ದೋಷ ತೋರಿಸಿ ಬಿಲ್ಲು ತಡೆಯುವ ಪದ್ಧತಿಗೆ ಕಾನೂನಿನ ಆಸರೆ ಇಲ್ಲ.

ದೋಷವನ್ನು ಮೊದಲ ನಗದಲ್ಲೇ ಕಂಡು, ಬರಹದಲ್ಲಿ ತಿಳಿಸಿ, ತಿದ್ದಿಕೊಳ್ಳಲು ಅವಕಾಶ ಕೊಡುವ ಕ್ರಮವನ್ನು ನಮ್ಮ ಸದಸ್ಯರು ಪರ್ಚೇಸ್ ಆರ್ಡರ್‌ನ ಷರತ್ತುಗಳಲ್ಲೇ ಸೇರಿಸುವುದು ಒಳಿತು. ಮಾಲು ಮರಳಿ ಬಂದರೆ ಒಂದು ಲಾಟ್ ನಷ್ಟ. ನಂಬಿಕೆ ಮುರಿದರೆ ವ್ಯಾಪಾರವೇ ನಷ್ಟ.